ನೌಕಾ ಲಾಂಛನ ಸಂಗ್ರಹ: ಬಿಳಿಗಿರಿರಂಗನ ಬೆಟ್ಟದ ಸೀಮೆಗೆ ಸೇರಿದ ಹೆಸರುಗಳು

ನೌಕಾ ಲಾಂಛನ ಸಂಗ್ರಹವೆಂದರೆ ಯುದ್ಧನೌಕೆಗಳಿಗೆ ಅಧಿಕೃತವಾಗಿ ಗೊತ್ತುಮಾಡಿದ ಗುರುತುಚಿತ್ರಗಳನ್ನೂ ಅವನ್ನು ಹೊತ್ತ ಲೋಹದ ಫಲಕ, ಟೋಪಿಪಟ್ಟಿ, ಗುಂಡಿ, ಅಂಚೆ ಲಕೋಟೆ ಮುಂತಾದ ವಸ್ತುಗಳನ್ನೂ ಕಲೆಹಾಕಿ, ಆಯಾ ನೌಕೆಯ ಚರಿತ್ರೆಯೊಡನೆ ತಾಳೆನೋಡಿ ಜೋಡಿಸಿಡುವ ಹವ್ಯಾಸ. ನಾಣ್ಯಸಂಗ್ರಹ, ಅಂಚೆಚೀಟಿ ಸಂಗ್ರಹಗಳ ಸಾಲಿಗೇ ಸೇರುವ ಇದರಲ್ಲಿ ವಸ್ತುವಿನಷ್ಟೇ ಮುಖ್ಯವಾದದ್ದು ಅದು ನೆನಪಿಸುವ ಹಡಗು.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳನ್ನು ತಾಗಿಕೊಂಡಿರುವ ಬಿಳಿಗಿರಿರಂಗನ ಬೆಟ್ಟಕ್ಕೆ ಕಡಲು ದೂರ. ಆದರೂ ಈ ಸೀಮೆ ನೌಕಾ ಲಾಂಛನಗಳ ಲೋಕಕ್ಕೆ ಮೂರು ದಾರಿಗಳಲ್ಲಿ ಸೇರುತ್ತದೆ. ಒಂದು, ಕೊಳ್ಳೇಗಾಲ ಮತ್ತು ಹನೂರಿನ ಅಂಚಿನಲ್ಲಿ ಹರಿಯುವ ಕಾವೇರಿ. ಎರಡು, ಯಳಂದೂರು ಮೊದಲಿನಿಂದಲೂ ಸೇರಿದ್ದ ಮೈಸೂರು ಸಂಸ್ಥಾನದ ಹೆಸರು ಮತ್ತು ಅದರ ಗಂಡಭೇರುಂಡ. ಮೂರು, ಬೆಟ್ಟಗಳ ಹೆಸರನ್ನು ಫ್ರಿಗೇಟುಗಳಿಗೆ ಇಡುವ ಭಾರತೀಯ ನೌಕಾಪಡೆಯ ವಾಡಿಕೆ.

ಪರಿಭಾಷೆ

ಈ ಲೇಖನದಲ್ಲಿ ‘ಲಾಂಛನ’ವೆಂದರೆ ಒಂದು ನೌಕೆಗೆ ಅಥವಾ ನೌಕಾನೆಲೆಗೆ ಸೇರಿದ ಅಧಿಕೃತ ಗುರುತುಚಿತ್ರ. ಭಾರತದ ನಾವಿಕರ ಬಾಯಲ್ಲಿ ಇದಕ್ಕೆ ‘ಕ್ರೆಸ್ಟ್’ ಎಂದೇ ಹೆಸರು. ಯೂರೋಪಿನ ಕುಲಲಾಂಛನ ಶಾಸ್ತ್ರದಲ್ಲಿ ಆ ಪದ ಶಿರಸ್ತ್ರಾಣದ ಮೇಲೆ ನಿಲ್ಲುವ ಶಿಖೆಗೆ ಮಾತ್ರ ಸಲ್ಲುತ್ತದೆ. ಇಡೀ ಫಲಕಕ್ಕೆ ಅದನ್ನು ಬಳಸುವುದು ರೂಢಿಯೇ ಹೊರತು ಶಾಸ್ತ್ರವಲ್ಲ. ‘ಧ್ಯೇಯವಾಕ್ಯ’ ಎಂದರೆ ಲಾಂಛನದೊಡನೆ ಬರುವ ಕಿರುವಾಕ್ಯ. ಭಾರತೀಯ ನೌಕೆಗಳಲ್ಲಿ ಇದು ಹೆಚ್ಚಾಗಿ ಸಂಸ್ಕೃತದ್ದು. ‘ಪೆನಂಟ್ ಸಂಖ್ಯೆ’ ಎಂದರೆ ಹಡಗಿನ ಪಕ್ಕಕ್ಕೆ ಬಳಿದ ಗುರುತಿನ ಅಂಕೆ. ‘ಟೋಪಿಪಟ್ಟಿ’ ಎಂದರೆ ನಾವಿಕನ ಟೋಪಿಯ ಸುತ್ತ ಕಟ್ಟುವ, ಹೆಸರು ನೇಯ್ದ ಕಪ್ಪು ರಿಬ್ಬನ್. ಹಡಗನ್ನು ನೀರಿಗಿಳಿಸುವುದು ‘ಜಲಾವತರಣ’. ಅದಾಗಿ ಕೆಲವು ಕಾಲಕ್ಕೆ, ಒಮ್ಮೊಮ್ಮೆ ಹಲವು ವರ್ಷಗಳಿಗೆ, ನಡೆಯುವ ವಿಧ್ಯುಕ್ತ ಸೇರ್ಪಡೆ ‘ಸೇವಾರಂಭ’. ಸಂಗ್ರಹಕಾರರ ಪಟ್ಟಿಗಳಲ್ಲಿ ಈ ಎರಡು ದಿನಾಂಕಗಳು ಬೆರೆತುಹೋಗುವುದು ಅತಿ ಸಾಮಾನ್ಯ ತಪ್ಪು.

ಉಗಮ

ಹಾಯಿಹಡಗುಗಳ ಕಾಲದಲ್ಲಿ ಹಡಗಿನ ಗುರುತು ಅದರ ಮೂತಿಯಲ್ಲಿ ಕೆತ್ತಿದ ಮರದ ಪ್ರತಿಮೆ. ಉಕ್ಕಿನ ಹಡಗುಗಳು ಬಂದ ಮೇಲೆ ಆ ಪ್ರತಿಮೆಗಳು ಮರೆಯಾದವು. ನಾವಿಕರು ಮತ್ತು ಹಡಗುಕಟ್ಟೆಯವರು ತಮಗೆ ತೋಚಿದ ಚಿತ್ರಗಳನ್ನು ದೋಣಿಗಳ ಮೇಲೆ, ಕಾಗದಪತ್ರಗಳ ಮೇಲೆ ಬಳಸತೊಡಗಿದರು. ಇದಕ್ಕೊಂದು ಶಿಸ್ತು ತಂದವರು ಲಂಡನ್ ಟವರ್‌ನ ಶಸ್ತ್ರಾಗಾರದ ಪಾಲಕರಾಗಿದ್ದ ಚಾರ್ಲ್ಸ್ ಫೋಕ್ಸ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ‘ಟವರ್’ ಎಂಬ ಡಿಸ್ಟ್ರಾಯರಿಗೆ ಅವರು ರಚಿಸಿದ ಲಾಂಛನ ಈ ಕೆಲಸಕ್ಕೆ ನಾಂದಿಯಾಯಿತು. 1918ರ ಕೊನೆಗೆ ಬ್ರಿಟಿಷ್ ನೌಕಾಡಳಿತವು ಹಡಗು ಲಾಂಛನಗಳ ಸಮಿತಿಯನ್ನು ರಚಿಸಿತು.

ಸಮಿತಿ ಗೊತ್ತುಮಾಡಿದ ಚೌಕಟ್ಟು ಸರಳವಾಗಿತ್ತು. ಸುತ್ತಲೂ ಹಗ್ಗದಂಥ ಅಂಚು, ಮೇಲೆ ಹೆಸರಿನ ಪಟ್ಟಿ, ಅದರ ಮೇಲೆ ಹಡಗಿನ ಹಿಂಬದಿ ಮತ್ತು ಹಾಯಿಗಳನ್ನು ಒಂದರ ಪಕ್ಕ ಒಂದು ಕೂರಿಸಿದ ನೌಕಾಕಿರೀಟ. ಹೊರ ಆಕಾರದಿಂದಲೇ ಹಡಗಿನ ವರ್ಗ ತಿಳಿಯುತ್ತಿತ್ತು: ಮಹಾಯುದ್ಧನೌಕೆಗೆ ವೃತ್ತ, ಕ್ರೂಸರಿಗೆ ಪಂಚಕೋನ, ಡಿಸ್ಟ್ರಾಯರಿಗೆ ಗುರಾಣಿ, ಉಳಿದವಕ್ಕೆ ವಜ್ರಾಕೃತಿ. ಎರಡನೆಯ ಮಹಾಯುದ್ಧದ ಕಾಲದಿಂದ ಈ ಭೇದ ಸಡಿಲವಾಗಿ, ಕಾದಾಡುವ ಹಡಗುಗಳಿಗೆಲ್ಲ ವೃತ್ತವೇ ನೆಲೆಗೊಂಡಿತು.

ಭಾರತದಲ್ಲಿ ಈ ಪದ್ಧತಿ ರಾಯಲ್ ಇಂಡಿಯನ್ ನೇವಿಯ ಮೂಲಕ ಬಂತು. 1934ರ ಅಕ್ಟೋಬರ್ 2ರಂದು ರಾಯಲ್ ಇಂಡಿಯನ್ ಮರೀನ್ ಎಂಬ ಸಂಸ್ಥೆ ಆ ಹೆಸರು ಪಡೆಯಿತು. 1950ರ ಜನವರಿ 26ರಂದು ‘ರಾಯಲ್’ ಬಿಟ್ಟುಹೋಯಿತು. ಹಡಗಿನ ಹೆಸರಿನ ಹಿಂದಿದ್ದ ಎಚ್‌ಎಂಐಎಸ್ ಹೋಗಿ ಐಎನ್‌ಎಸ್ ಬಂತು. ಲಾಂಛನದ ನೆತ್ತಿಯ ಕಿರೀಟದ ಜಾಗದಲ್ಲಿ ಅಶೋಕ ಸ್ತಂಭದ ಸಿಂಹಬೋದಿಗೆ ಕೂತಿತು. ಕಾಲನಿರ್ಣಯಕ್ಕೆ ಇದಕ್ಕಿಂತ ಗಟ್ಟಿಯಾದ ಗುರುತು ಬೇರೆ ಇಲ್ಲ. ಕಿರೀಟವಿದ್ದರೆ 1950ಕ್ಕೆ ಹಿಂದಿನದು, ಸಿಂಹಗಳಿದ್ದರೆ ಈಚಿನದು.

ರಚನೆ ಮತ್ತು ವಿಧಗಳು

ಹಡಗಿನ ಮೇಲೇ ಇರುತ್ತಿದ್ದ ದೊಡ್ಡ ಫಲಕ, ಅದರ ದೋಣಿಗಳ ಮೂತಿಗೆ ತಿರುಪಿದ ಸಣ್ಣ ಫಲಕ, ಫಿರಂಗಿಯ ಬಾಯಿಗೆ ನೀರು ಹೋಗದಂತೆ ಜಡಿಯುತ್ತಿದ್ದ ಮುಚ್ಚಳದ ಮೇಲಿನ ಬಿಲ್ಲೆ, ಇವು ಮೂರು ಅಸಲು ನೌಕಾವಸ್ತುಗಳು. ಹಿತ್ತಾಳೆ ಅಥವಾ ಕಂಚಿನಲ್ಲಿ ಎರಕ ಹೊಯ್ದು ಬಣ್ಣ ತುಂಬುವುದು ಹಳೆಯ ಕ್ರಮ. ಮರದಲ್ಲಿ ಕೆತ್ತಿದ ಮಾದರಿಯಿಂದ ಮರಳಿನ ಅಚ್ಚು ತೆಗೆದು ಎರಕ ಹೊಯ್ಯುತ್ತಿದ್ದರು.

ಎರಡನೆಯ ಗುಂಪು ಕಾಣಿಕೆಯ ಫಲಕಗಳದು. ಬಂದರಿಗೆ ಬಂದ ಅತಿಥಿಗೆ, ನಿವೃತ್ತನಾಗುವ ಅಧಿಕಾರಿಗೆ, ಭೇಟಿ ಕೊಟ್ಟ ಶಾಲೆಗೆ ಹಡಗಿನವರು ಕೊಡುವ ಇವು ತೇಗ ಅಥವಾ ಬೀಟೆಯ ಹಲಗೆಗೆ ಕೂರಿಸಿದ ಚಿಕ್ಕ ಲಾಂಛನಗಳು. ಒಳನಾಡಿನ ಮನೆಗಳ ಗೋಡೆಯ ಮೇಲೆ, ಷೋಕೇಸಿನಲ್ಲಿ ಕಾಣುವುದು ಬಹುಪಾಲು ಇವೇ. ಅಸಲು ಹಡಗಿನ ಫಲಕವೆಂದು ಇವನ್ನು ಮಾರುವುದುಂಟು. ಇವು ನಕಲಿಗಳಲ್ಲ, ಆದರೆ ಹಡಗಿನ ಮೇಲೆ ಇದ್ದವೂ ಅಲ್ಲ.

ಟೋಪಿಪಟ್ಟಿ, ಗುಂಡಿ, ತೋಳಿನ ಬಿಲ್ಲೆಗಳು ಮೂರನೆಯ ಗುಂಪು. ಯುದ್ಧಕಾಲದಲ್ಲಿ ಬ್ರಿಟಿಷ್ ನಾವಿಕರ ಟೋಪಿಪಟ್ಟಿಯಲ್ಲಿ ಹಡಗಿನ ಹೆಸರು ಇರುತ್ತಿರಲಿಲ್ಲ. ಬಂದರಿನ ಬೀದಿಯಲ್ಲಿ ತಿರುಗುವ ನಾವಿಕನ ಹಣೆ ನೋಡಿ ಶತ್ರುವಿಗೆ ಹಡಗಿನ ಸುಳಿವು ಸಿಗಬಾರದೆಂದು ಹೆಸರಿಗೆ ಮೊದಲು ಬರುವ ಪೀಠಾಕ್ಷರಗಳನ್ನಷ್ಟೇ ಉಳಿಸಿದ್ದರು. ಕೊನೆಯ ಗುಂಪು ಕಾಗದದ್ದು: ಸೇವಾರಂಭ ಮತ್ತು ನಿವೃತ್ತಿಯ ದಿನ ಸೇನಾ ಅಂಚೆ ಸೇವೆಯ ಮೂಲಕ ಹೊರಡುವ ವಿಶೇಷ ಲಕೋಟೆಗಳು. ಇವುಗಳ ಮೇಲೆ ಲಾಂಛನ, ದಿನಾಂಕ, ಹಡಗಿನ ವಿವರ ಒಟ್ಟಿಗೇ ಸಿಗುವುದರಿಂದ, ಅಗ್ಗದ್ದಾದರೂ ದಾಖಲೆಯಾಗಿ ಇವು ಲೋಹದ ಫಲಕಕ್ಕಿಂತ ಮೇಲು.

ಕಾವೇರಿ

ಕಾವೇರಿ ಕೊಳ್ಳೇಗಾಲದ ಬಳಿ ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕಿ, ಹನೂರಿನ ಕಾಡುಗಳ ಅಂಚು ಹಿಡಿದು ಹೊಗೇನಕಲ್ಲಿನ ಕಡೆ ಸಾಗುತ್ತದೆ. ಈ ಹೆಸರಿನ ಯುದ್ಧನೌಕೆ ಗ್ಲಾಸ್ಗೋದ ‘ಯಾರೋ’ ಎಂಬ ಹಡಗುಕಟ್ಟೆಯಲ್ಲಿ ತಯಾರಾಗಿ 1943ರಲ್ಲಿ ಸೇವೆಗೆ ಬಂತು. ಅದು ಬ್ಲ್ಯಾಕ್ ಸ್ವಾನ್ ವರ್ಗದ ಸ್ಲೂಪ್, ಅಂದರೆ ವ್ಯಾಪಾರಿ ಹಡಗುಗಳ ದಂಡಿಗೆ ಬೆಂಗಾವಲಾಗಿ ಹೋಗಿ ಜಲಾಂತರ್ಗಾಮಿ ಮತ್ತು ವಿಮಾನಗಳಿಂದ ಅವನ್ನು ಕಾಯುವ ನೌಕೆ.

ರಾಯಲ್ ಇಂಡಿಯನ್ ನೇವಿಗೆ ಈ ಬಗೆಯ ಆರು ಸ್ಲೂಪುಗಳಿದ್ದವು; ಆರಕ್ಕೂ ನದಿಗಳ ಹೆಸರು: ಸಟ್ಲೆಜ್, ಜಮುನಾ, ನರ್ಬದಾ, ಗೋದಾವರಿ, ಕೃಷ್ಣಾ, ಕಾವೇರಿ. 1947ರ ವಿಭಜನೆಯಲ್ಲಿ ನರ್ಬದಾ ಮತ್ತು ಗೋದಾವರಿ ಪಾಕಿಸ್ತಾನದ ಪಾಲಾಗಿ ಕ್ರಮವಾಗಿ ಝೀಲಂ, ಸಿಂಧ್ ಎಂದು ಮರುನಾಮಕರಣಗೊಂಡವು. ಪಂಜಾಬಿನ ಸಟ್ಲೆಜ್ ಭಾರತದಲ್ಲೇ ಉಳಿಯಿತು. ನರ್ಬದಾ ಮತ್ತು ಗೋದಾವರಿಯ ಹೆಸರಿನ ಲಾಂಛನಗಳು 1943ರಿಂದ 1947ರವರೆಗೆ ಮಾತ್ರ ಬಳಕೆಯಲ್ಲಿದ್ದುದರಿಂದ ಈ ಆರರಲ್ಲಿ ಅವೇ ಅತಿ ವಿರಳ.

ಕಾವೇರಿ ಹುಟ್ಟಿದಾಗ ಅದೇ ನದಿಯ ದಂಡೆಯ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಬೆಟ್ಟದ ಇನ್ನೊಂದು ಮಗ್ಗುಲಿನ ಯಳಂದೂರು ಮೈಸೂರಿಗೆ. ಹಡಗಿನ ಹೆಸರನ್ನು ಇಂಗ್ಲಿಷರ ಬಾಯಲ್ಲಿ ಹೊರಳಿದ ‘Cauvery’ ಎಂಬ ಕಾಗುಣಿತದಲ್ಲಿ ಬರೆಯುತ್ತಿದ್ದರು. ಸ್ವಾತಂತ್ರ್ಯಾನಂತರ ಅದನ್ನು ಭಾರತೀಯ ಉಚ್ಚಾರಣೆಗೆ ತಕ್ಕಂತೆ ತಿದ್ದಲಾಯಿತು. ಹೀಗಾಗಿ ಈ ಒಂದೇ ಹಡಗಿನ ವಸ್ತುಗಳು ಮೂರು ಹಂತದವು: ಕಿರೀಟ ಮತ್ತು ಹಳೆಯ ಕಾಗುಣಿತ, ಸಿಂಹಗಳು ಮತ್ತು ಹಳೆಯ ಕಾಗುಣಿತ, ಸಿಂಹಗಳು ಮತ್ತು ಹೊಸ ಕಾಗುಣಿತ. ಕಿರೀಟದೊಡನೆ ಹೊಸ ಕಾಗುಣಿತ ಕಂಡರೆ ಅದು ಈಚೆಗೆ ಮಾಡಿದ ವಸ್ತುವೆಂದೇ ತಿಳಿಯಬೇಕು.

1947ರ ಜುನಾಗಢ ಬಿಕ್ಕಟ್ಟಿನಲ್ಲಿ ಕಾಠಿಯಾವಾಡದ ತೀರಕ್ಕೆ ಹೋದ ನೌಕೆಗಳಲ್ಲಿ ಕಾವೇರಿಯೂ ಒಂದು. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಮುರಗಾಂವ್ ಬಂದರಿನ ಎದುರು ಬೆತ್ವಾ, ಬಿಯಾಸ್ ಫ್ರಿಗೇಟುಗಳೊಡನೆ ಇದು ಇತ್ತು. ಅಲ್ಲಿ ಪೋರ್ಚುಗೀಸರ ಅಫೋನ್ಸೊ ಡಿ ಅಲ್ಬುಕರ್ಕ್ ನೌಕೆ ಗುಂಡೇಟು ತಿಂದು ದಡ ಹತ್ತಿತು.

ಮೈಸೂರು

ಭಾರತೀಯ ನೌಕಾಪಡೆಯಲ್ಲಿ ಮೈಸೂರು ಹೆಸರಿನ ಎರಡು ನೌಕೆಗಳು ಬಂದಿವೆ. ಕನ್ನಡನಾಡಿನ ಸಂಗ್ರಹಕಾರರಿಗೆ ಇವೆರಡರ ಲಾಂಛನವೇ ಮೊದಲ ಗುರಿ.

ಮೊದಲನೆಯದು ಕ್ರೂಸರ್. ಟೈನ್ ನದಿಯ ದಂಡೆಯಲ್ಲಿ ವಿಕರ್ಸ್ ಆರ್ಮ್‌ಸ್ಟ್ರಾಂಗ್ ಕಟ್ಟಿದ ಇದರ ಮೂಲ ಹೆಸರು ನೈಜೀರಿಯಾ. 1939ರ ಜುಲೈನಲ್ಲಿ ಜಲಾವತರಣಗೊಂಡು 1940ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ನೌಕಾಪಡೆಯ ಸೇವೆಗೆ ಸೇರಿತು. 1941ರ ಜೂನಿನಲ್ಲಿ ಉತ್ತರ ಸಮುದ್ರಗಳಲ್ಲಿ ಹವಾಮಾನ ವರದಿಗೆಂದು ನಿಂತಿದ್ದ ಜರ್ಮನ್ ಹಡಗು ಲಾವೆನ್‌ಬುರ್ಗನ್ನು ಹಿಡಿದ ತಂಡದಲ್ಲಿ ಇದಿತ್ತು. ಆಗ ಸಿಕ್ಕ ಕಾಗದಗಳು ಜರ್ಮನರ ಎನಿಗ್ಮಾ ಸಂಕೇತಗಳನ್ನು ಬಿಡಿಸಲು ನೆರವಾದವು. 1942ರ ಆಗಸ್ಟ್ 12ರಂದು ಮಾಲ್ಟಾಕ್ಕೆ ಸಾಮಗ್ರಿ ಒಯ್ಯುವ ಪೆಡೆಸ್ಟಲ್ ಕಾರ್ಯಾಚರಣೆಯಲ್ಲಿ ಇಟಲಿಯ ಆಕ್ಸುಮ್ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿಯೂ ಉಳಿದುಕೊಂಡಿತು.

1954ರಲ್ಲಿ ಭಾರತ ಇದನ್ನು ಕೊಂಡಿತು. ಬರ್ಕನ್‌ಹೆಡ್‌ನಲ್ಲಿ ದೀರ್ಘ ರಿಪೇರಿಯ ನಂತರ 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಎಂಬ ಹೆಸರಿನಲ್ಲಿ, ಸಿ60 ಎಂಬ ಪೆನಂಟ್ ಸಂಖ್ಯೆಯೊಡನೆ ಸೇವೆಗೆ ಬಂತು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಹತ್ತು ತಿಂಗಳು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾದರೂ ಹಡಗಿನ ಹೆಸರು ಬದಲಾಗಲಿಲ್ಲ.

1959ರಲ್ಲಿ ಸಿಲೋನಿನ ಬಳಿ ನಡೆದ ಜಂಟಿ ಸಮರಾಭ್ಯಾಸದಲ್ಲಿ ಬ್ರಿಟಿಷ್ ಡಿಸ್ಟ್ರಾಯರ್ ಹೋಗ್‌ನೊಂದಿಗೆ ಇದು ಡಿಕ್ಕಿಯಾಯಿತು. ಹೋಗ್‌ನ ಮೂತಿ ನಜ್ಜುಗುಜ್ಜಾಯಿತು. 1961ರ ಡಿಸೆಂಬರ್ 18ರಂದು ಕಾರವಾರದ ಎದುರಿನ ಅಂಜದೀವ್ ದ್ವೀಪದ ಮೇಲೆ ತ್ರಿಶೂಲ್ ಫ್ರಿಗೇಟಿನೊಡನೆ ದಾಳಿ ನಡೆಸಿತು. ದ್ವೀಪ ಕೈವಶವಾಯಿತು, ಭಾರತದ ಕಡೆ 7 ಮಂದಿ ಮಡಿದರು. ಕಾವೇರಿ ಮುರಗಾಂವಿನ ಮುಂದೆ, ಮೈಸೂರು ಅಂಜದೀವಿನ ಮುಂದೆ: ಬೆಟ್ಟದ ಸೀಮೆಗೆ ಸೇರಿದ ಎರಡು ಹೆಸರುಗಳು ಒಂದೇ ದಿನ ಒಂದೇ ಕಾರ್ಯಾಚರಣೆಯಲ್ಲಿದ್ದವು. 1971ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾದಂಡಿನ ಧ್ವಜನೌಕೆಯಾಗಿತ್ತು. 1985ರ ಆಗಸ್ಟ್ 20ರಂದು ನಿವೃತ್ತವಾಯಿತು.

ಎರಡನೆಯ ಮೈಸೂರು ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ, ದೆಹಲಿ ವರ್ಗದ ಡಿಸ್ಟ್ರಾಯರ್. 1993ರ ಜೂನಿನಲ್ಲಿ ಜಲಾವತರಣ, 1999ರ ಜೂನ್ 2ರಂದು ಸೇವಾರಂಭ. ಹಳೆಯ ಹಡಗಿನ 60 ಎಂಬ ಅಂಕೆಯನ್ನೇ ಇದು ಪಡೆಯಿತು. ವರ್ಗ ಬದಲಾದ್ದರಿಂದ ಅದರ ಹಿಂದಿನ ಅಕ್ಷರ ಮಾತ್ರ ‘ಡಿ’ ಆಯಿತು. ಅಂಕೆಯೊಂದನ್ನೇ ನೋಡಿ ವಸ್ತು ಯಾವ ಹಡಗಿನದೆಂದು ಹೇಳಹೊರಟವರು ಎಡವುವುದು ಇಲ್ಲೇ. 2008ರ ಡಿಸೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ 23 ಕಡಲ್ಗಳ್ಳರನ್ನು ಹಿಡಿದದ್ದು ಈ ನೌಕೆ.

ಮೈಸೂರಿನ ಲಾಂಛನದಲ್ಲಿರುವುದು ಎರಡು ತಲೆಯ ಹಕ್ಕಿ ಗಂಡಭೇರುಂಡ. ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನಿಂದ ಆಯ್ದದ್ದು. ಎಂದಿಗೂ ಅಂಜುವುದಿಲ್ಲ ಎಂದು ಅದರ ಅರ್ಥ. ಗಂಡಭೇರುಂಡ ಒಡೆಯರಿಗಿಂತ ಬಹಳ ಹಳೆಯದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಗಂಡಭೇರುಂಡ ಸ್ತಂಭ 1047ರದು. ಅಲ್ಲಿ ಅದಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಬಂದು, ಮೈಸೂರಿನ ರಾಜಲಾಂಛನವಾಗಿ, ಈಗ ಕರ್ನಾಟಕ ಸರ್ಕಾರದ ಲಾಂಛನದಲ್ಲೂ ಇದೆ. ಹಡಗಿನ ಫಲಕ, ಸಂಸ್ಥಾನದ ಕಾಲದ ಪೊಲೀಸ್ ಬಿಲ್ಲೆ, ಸರ್ಕಾರಿ ಮುದ್ರೆ ಮೂರರಲ್ಲೂ ಒಂದೇ ಹಕ್ಕಿ ಕಾಣುವುದರಿಂದ ಗುಜರಿ ಅಂಗಡಿಗಳಲ್ಲಿ ಇವು ಬೆರೆತಿರುತ್ತವೆ. ಸುತ್ತಿನ ಚೌಕಟ್ಟು, ನೆತ್ತಿಯ ಸಿಂಹಗಳು ಮತ್ತು ಹಡಗಿನ ಹೆಸರು, ಈ ಮೂರೂ ಇದ್ದರೆ ಮಾತ್ರ ಅದು ನೌಕಾ ಲಾಂಛನ.

ಕರ್ನಾಟಕದ ಇತರ ಹೆಸರುಗಳು

ಭಾರತೀಯ ನೌಕಾಪಡೆ ಹೆಸರಿಡುವಲ್ಲಿ ವರ್ಗಕ್ಕೊಂದು ವಾಡಿಕೆ ಪಾಲಿಸುತ್ತದೆ. ಕ್ರೂಸರ್ ಮತ್ತು ಡಿಸ್ಟ್ರಾಯರುಗಳಿಗೆ ರಾಜ್ಯ, ರಾಜಧಾನಿ ಅಥವಾ ವೀರರ ಹೆಸರು. ಫ್ರಿಗೇಟುಗಳಿಗೆ ಬೆಟ್ಟ, ನದಿ, ಆಯುಧ. ಮೈನ್‌ಸ್ವೀಪರುಗಳಿಗೆ ಕರಾವಳಿಯ ಊರು. ಈ ಕೊನೆಯ ಸಾಲಿನಲ್ಲಿ ಕಾರವಾರ, ಭಟ್ಕಳ, ಮಲ್ಪೆ, ಮೂಲ್ಕಿ ಬಂದಿವೆ. ಮೊದಲ ಐಎನ್‌ಎಸ್ ಕಾರವಾರ ಬ್ರಿಟಿಷರ ಓವರ್ಟನ್. 1986ರ ಎರಡನೆಯದು ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು, 2017ರ ಮೇ ತಿಂಗಳಲ್ಲಿ ನಿವೃತ್ತವಾಯಿತು. ಮಲ್ಪೆ, ಮೂಲ್ಕಿ ಹೆಸರುಗಳು ಜಲಾಂತರ್ಗಾಮಿ ನಿಗ್ರಹದ ಹೊಸ ಹಡಗುಗಳಿಗೆ ಮರಳಿವೆ. ಎರಡೂ 2024ರ ಸೆಪ್ಟೆಂಬರ್ 9ರಂದು ಕೊಚ್ಚಿ ಹಡಗುಕಟ್ಟೆಯಲ್ಲಿ ನೀರಿಗಿಳಿದವು. ಕೃಷ್ಣಾ ಹೆಸರು ಸ್ಲೂಪಿನ ತರುವಾಯ 1995ರಲ್ಲಿ ತರಬೇತಿ ಫ್ರಿಗೇಟಿಗೆ ಬಂತು. ಫಾಕ್‌ಲ್ಯಾಂಡ್ ಯುದ್ಧದಲ್ಲಿದ್ದ ಬ್ರಿಟಿಷರ ಆಂಡ್ರೋಮಿಡಾ ಅದು. ಕಾರವಾರದ ನೌಕಾನೆಲೆ ಐಎನ್‌ಎಸ್ ಕದಂಬ 2005ರಲ್ಲಿ ಸೇವೆಗೆ ಬಂದದ್ದು. ನೆಲದ ಮೇಲಿನ ನೆಲೆಗೂ ಹಡಗಿನ ಪೀಠಾಕ್ಷರ ಸಲ್ಲುತ್ತದೆ.

ರಾಣಿ ಅಬ್ಬಕ್ಕ ಮತ್ತು ಕಿತ್ತೂರು ಚೆನ್ನಮ್ಮನ ಹೆಸರಿನ ಹಡಗುಗಳು ನೌಕಾಪಡೆಯವಲ್ಲ, ಕರಾವಳಿ ರಕ್ಷಣಾ ಪಡೆಯವು. ಸಂಗ್ರಹದಲ್ಲಿ ಇವನ್ನು ಬೇರೆಯಾಗಿಯೇ ಇಡುತ್ತಾರೆ. ಟಿಪ್ಪು ಸುಲ್ತಾನ್ ಹೆಸರಿನ ಯುದ್ಧನೌಕೆಗಳ ಲಾಂಛನ ಕಂಡರೆ ಅದು ಪಾಕಿಸ್ತಾನದ್ದು. ಅಲ್ಲಿನ ನೌಕಾಪಡೆ 1949ರಿಂದ ಒಂದಕ್ಕಿಂತ ಹೆಚ್ಚು ಹಡಗುಗಳಿಗೆ ಆ ಹೆಸರಿಟ್ಟಿದೆ.

ಅಸಲು ಗುರುತಿಸುವುದು ಮತ್ತು ಸಂರಕ್ಷಣೆ

ಅಸಲು ಫಲಕದಿಂದಲೇ ಅಚ್ಚು ತೆಗೆದು ಹೊಯ್ದ ನಕಲು ಮೂಲಕ್ಕಿಂತ ತುಸು ಚಿಕ್ಕದಾಗಿರುತ್ತದೆ, ಏಕೆಂದರೆ ಲೋಹ ಆರುವಾಗ ಕುಗ್ಗುತ್ತದೆ. ಗರಿ, ಹಗ್ಗದ ಎಳೆ, ಅಕ್ಷರದ ಮೂಲೆಗಳು ಮೊಂಡಾಗಿರುತ್ತವೆ. ಹಡಗಿನಿಂದ ಇಳಿಸಿದ ಫಲಕದಲ್ಲಿ ತಿರುಪಿನ ತೂತುಗಳ ಸುತ್ತ ಸವೆತ, ಒಂದರ ಮೇಲೊಂದು ಬಳಿದ ಬಣ್ಣದ ಪದರು ಇರಬೇಕು. ಹಿಂಬದಿಯೂ ಮುಂಬದಿಯಂತೆ ಥಳಥಳಿಸಿದರೆ ಸಂಶಯಪಡಬೇಕು.

ಹಿತ್ತಾಳೆಯ ಶತ್ರು ಕಿಲುಬು. ಉಪ್ಪುಗಾಳಿಯ ಕರಾವಳಿಗಿಂತ ಕೊಳ್ಳೇಗಾಲದ ಬಯಲಿನ ಒಣಹವೆ ಲೋಹಕ್ಕೆ ಹಿತ. ಮಳೆ, ಮಂಜು ಹೆಚ್ಚಿರುವ ಬೆಟ್ಟದ ಮೇಲೆ ಎಚ್ಚರ ಬೇಕು. ಮನೆಯ ದೀಪ, ಬಿಂದಿಗೆಗಳನ್ನು ಬೆಳಗುವಂತೆ ಹುಣಸೆಹಣ್ಣು ಹಾಕಿ ಉಜ್ಜಿದರೆ ಹೊಳಪು ಬರುತ್ತದೆ, ಆದರೆ ಮೂಲ ಬಣ್ಣ ಹೋಗುತ್ತದೆ, ಅದರೊಡನೆ ವಸ್ತುವಿನ ಅರ್ಧ ಬೆಲೆಯೂ ಹೋದಂತೆಯೇ. ಒಣಬಟ್ಟೆಯಿಂದ ಧೂಳು ಒರೆಸಿ, ಗಾಳಿಯಾಡುವ ಕಡೆ ಇಡುವುದೇ ಸಾಕು. ಟೋಪಿಪಟ್ಟಿಗಳನ್ನು ಮಡಿಸಬಾರದು, ಜರಿಯೆಳೆ ಮಡಿಕೆಯಲ್ಲಿ ಮುರಿಯುತ್ತದೆ.

ಕಾನೂನು

1972ರ ಪುರಾತನ ವಸ್ತುಗಳ ಕಾಯ್ದೆಯಂತೆ 100 ವರ್ಷ ದಾಟಿದ ವಸ್ತು ಪುರಾತನವೆನಿಸುತ್ತದೆ ಮತ್ತು ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ರಾಯಲ್ ಇಂಡಿಯನ್ ನೇವಿಯ ಮೊದಲ ವಸ್ತುಗಳು ಈ ಗೆರೆಯನ್ನು ಮುಟ್ಟುವುದು 2034ರಲ್ಲಿ. ಸಿಂಹಬೋದಿಗೆ ರಾಷ್ಟ್ರಲಾಂಛನವಾದ್ದರಿಂದ ಅದನ್ನು ಹೊತ್ತ ನಕಲುಗಳನ್ನು ವ್ಯಾಪಾರಕ್ಕಾಗಿ ತಯಾರಿಸುವವರು 2005ರ ರಾಷ್ಟ್ರಲಾಂಛನ ದುರ್ಬಳಕೆ ತಡೆ ಕಾಯ್ದೆಗೆ ಒಳಪಡುತ್ತಾರೆ. ನಾವಿಕನೆಂದು ನಂಬಿಸುವ ಉದ್ದೇಶದಿಂದ ಬಿಲ್ಲೆ, ಟೋಪಿಪಟ್ಟಿ ಧರಿಸುವುದು ದಂಡನೀಯ. ಸೇವೆಯಲ್ಲಿರುವ ಹಡಗಿನ ಫಲಕ ಸರ್ಕಾರದ ಸ್ವತ್ತು. ಕೊಳ್ಳುವವರು ಅದು ಕಾಣಿಕೆಯದೋ ಗುಜರಿ ಹರಾಜಿನದೋ ಎಂಬ ಕಾಗದ ಕೇಳಿ ಪಡೆಯುವುದು ಒಳ್ಳೆಯದು.

ಇಂದಿನ ಸ್ಥಿತಿ

ಕರ್ನಾಟಕದಲ್ಲಿ ಯುದ್ಧನೌಕೆಯೊಂದನ್ನು ಹತ್ತಿ ನೋಡಬಹುದಾದ ಜಾಗ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರ. 2005ರಲ್ಲಿ ನಿವೃತ್ತವಾದ ಕ್ಷಿಪಣಿ ದೋಣಿ ಚಪಲ್ ಅಲ್ಲಿ 2006ರಿಂದ ವಸ್ತುಸಂಗ್ರಹಾಲಯವಾಗಿದೆ. 1971ರ ಕರಾಚಿ ದಾಳಿಯ ಹೆಸರನ್ನು ಇದಕ್ಕೂ ಅಂಟಿಸುವುದುಂಟು. ಆದರೆ ಇದು ಸೇವೆಗೆ ಬಂದದ್ದು 1976ರಲ್ಲಿ. ನೌಕಾಪಡೆಯ ಧ್ವಜ 2022ರ ಸೆಪ್ಟೆಂಬರ್ 2ರಂದು ಬದಲಾಗಿ ಸಂತ ಜಾರ್ಜ್ ಶಿಲುಬೆ ಹೋದ ಮೇಲೆ, ಹಳೆಯ ಧ್ವಜವಿರುವ ಲಕೋಟೆ ಮತ್ತು ಫಲಕಗಳೂ ಸಂಗ್ರಹಯೋಗ್ಯವಾಗಿವೆ.

ಬೆಟ್ಟಗಳ ಹೆಸರಿನ ಫ್ರಿಗೇಟುಗಳು ಈಗ ಎರಡನೆಯ ಸುತ್ತಿನಲ್ಲಿವೆ. ಬಿಳಿಗಿರಿಯ ನೆರೆಯ ನೀಲಗಿರಿಯ ಹೆಸರನ್ನು 1972ರಲ್ಲಿ ಸೇವೆಗೆ ಬಂದ, ಭಾರತದಲ್ಲೇ ಕಟ್ಟಿದ ಮೊದಲ ಲಿಯಾಂಡರ್ ವರ್ಗದ ಫ್ರಿಗೇಟ್ ಹೊತ್ತಿತ್ತು. ಅದರ ಜಲಾವತರಣಕ್ಕೆ 1968ರಲ್ಲಿ ಅಂಚೆಚೀಟಿಯೂ ಬಂದಿತ್ತು. ಎರಡನೆಯ ನೀಲಗಿರಿ 2025ರ ಜನವರಿ 15ರಂದು ಸೇವೆಗೆ ಸೇರಿತು. 2023ರಲ್ಲಿ ನೀರಿಗಿಳಿದ ವಿಂಧ್ಯಗಿರಿಯ ಹೆಸರು ಕರ್ನಾಟಕದ ಬೆಟ್ಟದ್ದೆಂದು ಸರ್ಕಾರಿ ಪ್ರಕಟಣೆ ತಿಳಿಸಿತ್ತು. ಶ್ರವಣಬೆಳಗೊಳದ ಗೊಮ್ಮಟ ನಿಂತಿರುವ ಬೆಟ್ಟಕ್ಕೂ ಅದೇ ಹೆಸರು. ಹೊಸ ಸಾಲಿನ ಏಳು ನೌಕೆಗಳು ನೀಲಗಿರಿ, ಹಿಮಗಿರಿ, ತಾರಾಗಿರಿ, ಉದಯಗಿರಿ, ದುನಾಗಿರಿ, ವಿಂಧ್ಯಗಿರಿ, ಮಹೇಂದ್ರಗಿರಿ. ಬಿಳಿಗಿರಿ ಎಂಬ ಹೆಸರಿನ ಯುದ್ಧನೌಕೆ ಹಳೆಯ ಸಾಲಿನಲ್ಲೂ ಇರಲಿಲ್ಲ, ಹೊಸದರಲ್ಲೂ ಇಲ್ಲ.